ನಾನು ಒತ್ತದ ಸ್ವಿಚ್ಚು

"ಅವತ್ತು ಕಂಪ್ಯೂಟರ್ ಆಫ್ ಮಾಡಿದವರು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಆದ್ರೂ ರೆಕಾರ್ಡಿಂಗ್ ಹೋಯ್ತು. ಯಾಕೆ?"

ಪ್ರದೀಪ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಮೈಕನ್ನು ಕೆಳಗಿಳಿಸಿದ. ಪುತ್ತೂರಿನ ಆ ಸಭಾಂಗಣದಲ್ಲಿ ಮಳೆಯ ಎರಚಲಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ವೇದಿಕೆಯ ಬದಿಯಲ್ಲಿ ಯುಪಿಎಸ್ ಬಿಸಿಯಾಗಿತ್ತು. ಅದರ ಹುಳಿ ವಾಸನೆ ಒದ್ದೆ ಗೋಡೆಯ ವಾಸನೆಯ ಜೊತೆ ಸೇರಿ ಹಿಂದಿನ ಸಾಲಿನವರೆಗೆ ಬರುತ್ತಿತ್ತು. ಸುಳ್ಯದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು, ಆ ದಿನದ ಕಾರ್ಯಾಗಾರಕ್ಕೆ ನಮ್ಮ ಮಕ್ಕಳನ್ನು ಕರೆದುಕೊಂಡು ಬಂದಿದ್ದೆ. ಕಂಪ್ಯೂಟರಿನ ವಿಷಯ ನನಗೆ ಬೇಡವೆಂದು ಹಿಂದೆ ಕುಳಿತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ವಾಸನೆ ಮೊದಲು ಬಂತೋ, ಮಾತು ಮೊದಲು ಬಿತ್ತೋ ಹೇಳಲಾರೆ. ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು.

ಕಂಪ್ಯೂಟರ್ ಆಫ್ ಮಾಡಿದ ಆ 'ಅವರು' ನಾನು.

ಪ್ರದೀಪ ಮುಂದುವರಿಸಿದ. "ಊಟ ಆಗಿ ಎಲ್ಲ ಮುಗಿದ ಮೇಲೆ ಮೈಕಲ್ಲಿ ಹೇಳ್ತಾರೆ, ಬಂದವರೆಲ್ಲ ಹೊರಡಬಹುದು ಅಂತ. ಅದನ್ನು ಕೇಳಿ ಉಗ್ರಾಣದವನೂ ಚೀಲ ಹಿಡ್ಕೊಂಡು ಬಸ್ಸಿಗೆ ಹೋದ್ರೆ ಹೇಗೆ ಮಾರಾಯ್ರೆ? ಉಳಿದ ಪಾತ್ರೆ ಪಡಗ ಯಾರಿಗೆ ಒಪ್ಪಿಸುದು?" ಮಕ್ಕಳು ನಕ್ಕರು. ಆಮೇಲೆ ಅವನು ಬೋರ್ಡಿನಲ್ಲಿ ಬರೆದು ವಿವರಿಸಿದ. ಸಾಮಾನ್ಯವಾಗಿ ಕಂಪ್ಯೂಟರಿನ ಡಿಸ್ಕನ್ನು ಅದರ ಒಳಗಿನ ಮೂಲ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ. ಆದರೆ ಕೆಲವು ಫೋಲ್ಡರುಗಳನ್ನು, ಉದಾಹರಣೆಗೆ ಬೇರೆ ಊರಿನ ಡಿಸ್ಕನ್ನು ಇಲ್ಲಿಯದೇ ಎಂಬಂತೆ ತೋರಿಸುವ ಫೋಲ್ಡರನ್ನು, ಒಂದು ಸಾಮಾನ್ಯ ಪ್ರೋಗ್ರಾಂ ನಡೆಸುತ್ತದೆ. ಹಾಡು ಕೇಳಿಸುವ ಪ್ರೋಗ್ರಾಮಿನ ಹಾಗೆಯೇ ಅದೂ ಒಂದು. ಶಟ್‌ಡೌನ್ ಎಂದ ಕೂಡಲೇ ವ್ಯವಸ್ಥೆ ಮೊದಲು ಎಲ್ಲ ಪ್ರೋಗ್ರಾಮುಗಳಿಗೂ ಹೊರಡಿ ಎನ್ನುತ್ತದೆ, ಹೊರಡದವರನ್ನು ಕೊಲ್ಲುತ್ತದೆ, ಆಮೇಲೆ ಡಿಸ್ಕುಗಳನ್ನು ಅನ್‌ಮೌಂಟ್ ಮಾಡಲು, ಎಂದರೆ ಕಳಚಿಡಲು, ಹೋಗುತ್ತದೆ. ಫೋಲ್ಡರನ್ನು ನಡೆಸುತ್ತಿದ್ದವನು ಅಷ್ಟರಲ್ಲಿ ಸತ್ತಿರುತ್ತಾನೆ. ಅವನ ಕೈಯಲ್ಲಿ ಕಳಿಸಲು ಬಾಕಿಯಿದ್ದದ್ದೂ ಅವನೊಡನೆ ಹೋಗುತ್ತದೆ.

"ಹಾಗಾಗಿ ಏರಿಸಿದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ ಇಳಿಸ್ಬೇಕು," ಎಂದ ಪ್ರದೀಪ. "ಮೊದಲು ಆ ಫೋಲ್ಡರ್ ಬಳಸುವವರು, ಆಮೇಲೆ ಬಾಕಿ ಫೈಲು ತಲುಪುವವರೆಗೆ ಕಾಯುದು, ಆಮೇಲೆ ಅನ್‌ಮೌಂಟ್, ಆಮೇಲೆ ಆ ಪ್ರೋಗ್ರಾಂ, ಕೊನೆಗೆ ನೆಟ್‌ವರ್ಕ್. ಇದನ್ನು ನಾವು ಬರೆದಿಡಬೇಕು, ತನ್ನಷ್ಟಕ್ಕೆ ಆಗುದಿಲ್ಲ. ನಮ್ಮಲ್ಲಿ ಬರೆದಿಟ್ಟಿರ್ಲಿಲ್ಲ. ಮರುದಿನ ಬೆಳಿಗ್ಗೆ ನೋಡಿದ ಕೂಡ್ಲೆ ನನಗೆ ಗೊತ್ತಾಯ್ತು."

ಮರುದಿನ ಬೆಳಿಗ್ಗೆ. ಅದೇ ಬೆಳಿಗ್ಗೆ ಅವನು ನನಗೆ ಫೋನು ಮಾಡಿದ್ದ.

*

ಕೊರೋನಾದ ಗಲಾಟೆ ತಣ್ಣಗಾದ ಮೇಲಿನ ಒಂದು ಮಳೆಗಾಲ ಅದು. ಎಂ.ಎ. ಮುಗಿಸಿದ್ದ ನನಗೆ ಕಡಬದಲ್ಲಿ ಒಂದು ಸಣ್ಣ ಭಾಷಾ ದಾಖಲೆ ಕೇಂದ್ರದಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಮಾತು, ಕಥೆ, ಹಾಡುಗಳನ್ನು ರೆಕಾರ್ಡ್ ಮಾಡಿ ಜೋಪಾನ ಮಾಡುವುದು ಕೆಲಸ. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಹುಳಿ ವಾಸನೆಯ ಯುಪಿಎಸ್. ರೆಕಾರ್ಡುಗಳೆಲ್ಲ ನಿಜವಾಗಿ ಇರುವುದು ಪುತ್ತೂರಿನ ಕಚೇರಿಯಲ್ಲಿ. ನಮ್ಮ ಕಂಪ್ಯೂಟರಿನಲ್ಲಿ 'ಪುತ್ತೂರು' ಎಂಬ ಹೆಸರಿನ ಒಂದು ಫೋಲ್ಡರ್ ಕಾಣುತ್ತಿತ್ತು. ಅದಕ್ಕೆ ಹಾಕಿದ್ದು ಅಲ್ಲಿಗೆ ಹೋಗಿ ಸೇರುತ್ತದೆ ಎಂದು ನಮಗೆ ಹೇಳಿದ್ದರು. ಅದನ್ನು ಜೋಡಿಸಿದವನು ಪ್ರದೀಪ. ಡಿಗ್ರಿಯಲ್ಲಿ ನನ್ನ ಸಹಪಾಠಿ; ಪುತ್ತೂರಿನಲ್ಲೇ ಇದ್ದುಕೊಂಡು ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ನನಗೆ ಆ ಕೆಲಸದ ಸುದ್ದಿ ಕೊಟ್ಟವನೂ ಅವನೇ.

ಆಲಂಕಾರಿನ ಐಸಮ್ಮ ಬ್ಯಾರಿ ಮುಸ್ಲಿಮರ ಮದುವೆಗಳಲ್ಲಿ ಮದುಮಗಳಿಗೆ ಮದರಂಗಿ ಹಚ್ಚುವಾಗ ಹೆಂಗಸರು ಹಾಡುವ ಹಾಡುಗಳಿಗೆ ಹೆಸರಾದವರು. ಒಬ್ಬರು ಎತ್ತಿ ಹಾಡಿದರೆ ಇನ್ನೊಬ್ಬರು ಎದುರು ಹಾಡಬೇಕು. ಐಸಮ್ಮನಿಗೆ ಎದುರು ಹಾಡುವವರು ಅವರ ನಾದಿನಿ ನಬೀಸ. ನನ್ನ ಮನೆಮಾತು ಅರೆಭಾಷೆ, ಅವರದು ಬ್ಯಾರಿ. ನಡುವೆ ಕನ್ನಡವೂ ತುಳುವೂ ಬೆರೆತ ಮಾತು. ಯಾವ ಮಾತನ್ನು ಯಾವ ಭಾಷೆಯಲ್ಲಿ ಆಡಿದ್ದರೆಂದು ಈಗ ನೆನಪಿಲ್ಲ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಮಳೆಗಾಲದ ಹೆಚ್ಚಿನ ಭಾಗ ಅವರನ್ನು ಒಪ್ಪಿಸುವುದರಲ್ಲೇ ಕಳೆಯಿತು. ವಾರಕ್ಕೊಮ್ಮೆ ಬಸ್ಸಿಳಿದು, ಕೊಡೆ ಹಿಡಿದು, ಅವರ ಮನೆಗೆ ಹೋಗುತ್ತಿದ್ದೆ. ಚಾ, ಅಕ್ಕಿಹಿಟ್ಟಿನ ಕಲ್ತಪ್ಪದ ತುಂಡು, ಊರ ಸುದ್ದಿ. ಹಾಡಿನ ಮಾತು ತೆಗೆದರೆ ಐಸಮ್ಮ, "ಮದುವೆ ಇಲ್ಲದೆ ಯಾರಾದ್ರೂ ಮದರಂಗಿ ಹಾಡ್ತಾರಾ? ಮೊದಲು ನಿನ್ನ ಮದುವೆ ಮಾಡುವ, ಆಮೇಲೆ ಹಾಡುವ" ಎಂದು ನಗುತ್ತಿದ್ದರು. ನಿಜವಾದ ಕಾರಣ ಬೇರೆ ಇತ್ತು. ಅವರ ಪರಿಚಯದ ಮನೆಯೊಂದರ ಹೆಂಗಸರ ಹಾಡು ಯಾರದೋ ಮೊಬೈಲಿಗೆ ಸಿಕ್ಕಿ, ಊರೂರು ಸುತ್ತಿ, ಗಲ್ಫಿನಲ್ಲಿದ್ದ ಗಂಡಸರ ತನಕ ಹೋಗಿ ದೊಡ್ಡ ರಗಳೆಯಾಗಿತ್ತಂತೆ.

ಕೊನೆಗೆ ಐಸಮ್ಮ ಒಂದು ಷರತ್ತು ಹಾಕಿದರು. ಹಾಡು ನಮ್ಮ ಕೇಂದ್ರದ ಪೆಟ್ಟಿಗೆಯಲ್ಲಿ ಇರಬಹುದು. ಬೇರೆ ಎಲ್ಲಿಯೂ ಉಳಿಯಬಾರದು. ರೆಕಾರ್ಡರಿನ ಒಳಗಿನ, ಉಗುರಿನಷ್ಟು ಸಣ್ಣ ಕಾರ್ಡಿನಲ್ಲಿ ಇದ್ದದ್ದನ್ನು ಅವರ ಕಣ್ಣೆದುರೇ ಅಳಿಸಬೇಕು. "ಮೊಬೈಲಿಗೆ ಹೋಗುದು ಇಂಥದ್ದರಿಂದಲೇ ಅಲ್ವಾ," ಎಂದರು. ನಾನು ಒಪ್ಪಿದೆ. ಪ್ರದೀಪನಿಗೂ ಹೇಳಿದೆ. "ಅದಕ್ಕೆಂತ, ಪುತ್ತೂರಿಗೆ ಹೋದ ಮೇಲೆ ಕಾರ್ಡ್ ಯಾಕೆ?" ಎಂದಿದ್ದ.

ಇಬ್ಬರೂ ಬಟ್ಟೆ ಕೊಳ್ಳುವ ನೆಪದಲ್ಲಿ ಕಡಬಕ್ಕೆ ಬಂದರು. ಕೆಳಗಿನ ಅಂಗಡಿಯಲ್ಲಿ ನಿಜವಾಗಿಯೂ ಒಂದು ತುಂಡು ರವಕೆ ಬಟ್ಟೆ ಕೊಂಡೇ ಮೇಲೆ ಹತ್ತಿದರು. ಪಕ್ಕದ ಶೀಟಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಕಿಟಕಿಗೆ ಕಂಬಳಿ ಕಟ್ಟಿದ್ದೆ. ಮಳೆ ಬಿಡುವವರೆಗೆ ಕಾಯುವುದು, ಬಿಟ್ಟಾಗ ಹಾಡುವುದು. ಮೊದಲ ಹಾಡಿಗೆ ಇಬ್ಬರ ದನಿಯೂ ಹಿಡಿದು ಹಿಡಿದು ಬಂತು. ಎರಡನೆಯದಕ್ಕೆ ಸೆರಗಿನ ಅಂಚಿನಿಂದ ಬಾಯಿ ಮುಚ್ಚಿಕೊಂಡಿದ್ದ ನಬೀಸ ಕೈ ಇಳಿಸಿದರು. ಆಮೇಲೆ ಗಂಡಿನ ಕಡೆಯವರನ್ನು ಗೇಲಿ ಮಾಡುವ ಹಾಡು ಬಂತು. ಆ ಹಾಡಿನಲ್ಲಿ ನಿಜವಾದ ಹೆಸರುಗಳನ್ನು ಸೇರಿಸಿ ಹಾಡುವುದು ಪದ್ಧತಿ. ಐಸಮ್ಮ ಎತ್ತಿಕೊಟ್ಟರು. ನಬೀಸನಿಗೆ ಎಲ್ಲಿಂದ ಹುರುಪು ಬಂತೋ, ತನ್ನ ಮಗಳ ಅತ್ತೆಯ ಹೆಸರನ್ನೇ ಹಾಕಿಬಿಟ್ಟರು. ಆಕೆಯ ತುಪ್ಪದನ್ನಕ್ಕೆ ಉಪ್ಪಿಲ್ಲ, ಇದ್ದ ಉಪ್ಪೆಲ್ಲ ನಾಲಿಗೆಗೇ ಮುಗಿಯಿತು ಎಂಬ ಅರ್ಥದ ಸಾಲು. ಹಾಡು ಅಲ್ಲಿಗೇ ನಿಂತಿತು. ಇಬ್ಬರೂ ಒಬ್ಬರ ಭುಜಕ್ಕೊಬ್ಬರು ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಾಡು ಮರೆತರೂ ಆ ನಗು ಮರೆಯಲಾರೆ. ಇದನ್ನು ಬರೆಯುವಾಗಲೇ ಅನುಮಾನ: ನಕ್ಕದ್ದು ಹಾಡಿನ ನಡುವೆಯೋ, ಮುಗಿದ ಮೇಲೆಯೋ? ರೆಕಾರ್ಡ್ ಇದ್ದಿದ್ದರೆ ಕೇಳಿ ಹೇಳಬಹುದಿತ್ತು.

"ಅದನ್ನು ತೆಗೀಬೇಕು ಆಯ್ತಾ," ಎಂದರು ನಬೀಸ, ನಗು ಇಳಿದ ಮೇಲೆ. "ಮಗಳು ಅಲ್ಲಿ ಬದುಕಬೇಕು."

"ಆ ಸಾಲು ತೆಗೆದೇ ಇಡ್ತೇನೆ. ಪೂರ್ತಿ ಹಾಡನ್ನು ಯಾರಿಗೂ ಕೊಡುದಿಲ್ಲ," ಎಂದೆ.

ಫೈಲುಗಳನ್ನು 'ಪುತ್ತೂರು' ಫೋಲ್ಡರಿಗೆ ಹಾಕಿದೆ. ಆ ಫೋಲ್ಡರಿನಿಂದಲೇ ತೆರೆದು ಇಬ್ಬರಿಗೂ ಕೇಳಿಸಿದೆ. ತಮ್ಮ ದನಿ ಕೇಳಿ ಐಸಮ್ಮ, "ಪುತ್ತೂರಿಗೆ ಹೋಗಿ ಬಂತಾ ಇಷ್ಟು ಬೇಗ? ನಮ್ಮ ಬಸ್ಸು ಇಷ್ಟು ಬೇಗ ಹೋಗುದಿಲ್ಲಲ್ಲ ಮಗಳೇ!" ಎಂದರು. ಹೋಗಿರಲಿಲ್ಲ. ಮಳೆಗೆ ಇಂಟರ್ನೆಟ್ ತೆವಳುತ್ತಿತ್ತು. ನಮ್ಮ ಹಳೆಯ ಡಿಸ್ಕಿಗೆ ಹೊರೆ ಬೇಡವೆಂದು ಪ್ರದೀಪ, ಕಳಿಸಲು ಬಾಕಿಯಿದ್ದ ಫೈಲುಗಳು ಕಂಪ್ಯೂಟರಿನ ಮೆಮೊರಿಯಲ್ಲೇ ಕಾಯುವಂತೆ ಮಾಡಿಟ್ಟಿದ್ದ; ಕರೆಂಟು ಹೋದರೆ ಅಲ್ಲಿ ಏನೂ ಉಳಿಯುವುದಿಲ್ಲ. ಹಾಡು ಕೇಳಿಸಿದ್ದು ಅಲ್ಲಿಂದ. ಇದು ನನಗೆ ಗೊತ್ತಾದದ್ದು ಈ ವರ್ಷ, ಆ ಸಭಾಂಗಣದಲ್ಲಿ. ಆವತ್ತು ನಾನು ಕಂಡದ್ದು ಫೋಲ್ಡರಿನಲ್ಲಿ ಫೈಲು ಇರುವುದನ್ನು, ಕೇಳಿದ್ದು ಅದರಲ್ಲಿ ಹಾಡು ಇರುವುದನ್ನು. ಅದಕ್ಕಿಂತ ಹೆಚ್ಚಿಗೆ ಏನು ಪರೀಕ್ಷೆ ಮಾಡಬೇಕಿತ್ತು? ಕಾರ್ಡನ್ನು ಅವರ ಎದುರು ಅಳಿಸಿದೆ. ಐಸಮ್ಮ ಬಗ್ಗಿ ನೋಡಿ ತಲೆಯಾಡಿಸಿದರು. ಅವರು ಹೋದರು. ನಾನು ಶಟ್‌ಡೌನ್ ಕೊಟ್ಟೆ. ಪರದೆಯ ಮೇಲೆ ಯಾವುದೋ ಸಾಲು ಬಂದು ಸ್ವಲ್ಪ ನಿಂತಿತು, ಆಮೇಲೆ ಕಪ್ಪಾಯಿತು, ಫ್ಯಾನಿನ ಸದ್ದು ನಿಂತಿತು. ಪಂಜದ ಮಾರ್ಗವಾಗಿ ಸುಳ್ಯಕ್ಕೆ ಹೋಗುವ ಬಸ್ಸಿಗೆ ಓಡಿದೆ.

ಹೀಗೆ ಆಯಿತು ಎಂದು ಈಗ ಬರೆಯುತ್ತೇನೆ. ನಡುವಿನ ವರ್ಷಗಳಲ್ಲಿ ಕೇಳಿದ್ದರೆ ಹೀಗೆ ಹೇಳುತ್ತಿರಲಿಲ್ಲ.

*

ಮರುದಿನ ಬೆಳಿಗ್ಗೆ ನಾನು ಬಸ್ಸಿನಲ್ಲಿರುವಾಗ ಪ್ರದೀಪನ ಫೋನು ಬಂತು. "ಪೂರ್ಣಿಮಾ, ನಿನ್ನೆಯ ಫೈಲುಗಳ ಹೆಸರು ಮಾತ್ರ ಉಂಟು. ಒಳಗೆ ಏನೂ ಇಲ್ಲ. ನೀನು ಹೇಗೆ ಆರಿಸಿದ್ದು?"

"ಶಟ್‌ಡೌನ್ ಕೊಟ್ಟೆ."

"ಕೊಟ್ಟು?"

"ಕೊಟ್ಟು ಕಾದೆ. ಆರಿತು. ಹೋದೆ."

"ನೆನಪು ಮಾಡಿ ನೋಡು ಮಾರಾಯ್ತಿ. ಕೆಲವು ಸಲ ಅದು ಕೊನೆಗೆ ಸಿಕ್ಕಿಕೊಳ್ತದೆ. ಎಲ್ಲರೂ ಆಗ ಎದುರಿನ ಸ್ವಿಚ್ಚನ್ನು ಒತ್ತಿ ಹಿಡಿಯುದು. ನಿನಗೆ ಬಸ್ಸಿಗೆ ಅವಸರ ಇತ್ತಲ್ಲ?"

ಅವಸರ ಇದ್ದದ್ದು ನಿಜ. ಪರದೆಯ ಮೇಲೆ ಒಂದು ಸಾಲು ನಿಂತದ್ದೂ ನಿಜ. ಅವನು ಗದರಿಸಲಿಲ್ಲ, ಬೈಯಲಿಲ್ಲ. ಅದೇ ಕಾರಣಕ್ಕೆ ನಾನು ನಂಬಿದೆ. ಆ ವಾರವಿಡೀ ಅವನು ಮೂರು ನಾಲ್ಕು ರೀತಿಯಲ್ಲಿ ಅದನ್ನೇ ಕೇಳಿದ, ಪ್ರತಿ ಸಲವೂ ಮೆತ್ತಗೆ. ಪ್ರತಿ ಸಲವೂ ನನ್ನ "ಇಲ್ಲ" ಸ್ವಲ್ಪ ಸಣ್ಣದಾಯಿತು. ಕೊನೆಗೆ ಒಂದು ದಿನ, ಒತ್ತಿದ್ದು ನನಗೆ ನೆನಪಾಯಿತು. ಹೆಬ್ಬೆರಳಿನಿಂದ ಒತ್ತಿ ಹಿಡಿದದ್ದು, ಸ್ವಿಚ್ಚು ತಣ್ಣಗಿದ್ದದ್ದು, ಒಂದು ಕ್ಷಣ ಏನೂ ಆಗದೆ ಆಮೇಲೆ ಪಟ್ಟನೆ ಆರಿದ್ದು, ಎಲ್ಲವೂ. ಡೈರಿ ಬರೆಯುವ ಅಭ್ಯಾಸ ನನಗೆ ಹಳೆಯದು. ಹಾಡಿದ ದಿನದ ಪುಟದಲ್ಲಿ ಮಳೆಯೂ ನಗುವೂ ಇವೆ, ಕಂಪ್ಯೂಟರಿನ ಸುದ್ದಿಯೇ ಇಲ್ಲ. ನೆನಪಾದ ದಿನದ ಪುಟದಲ್ಲಿ ಸ್ವಿಚ್ಚು ತಣ್ಣಗಿದ್ದದ್ದರ ಸಮೇತ ಎಲ್ಲ ಬರೆದಿದ್ದೇನೆ. ಬರೆದದ್ದರಿಂದ ನೆನಪು ಇನ್ನೂ ಗಟ್ಟಿಯಾಯಿತು.

ನಾನು ಪ್ರದೀಪನ ಬಳಿ ಕ್ಷಮೆ ಕೇಳಿದೆ. ಅವನ ಕೆಲಸವನ್ನು ಹಾಳು ಮಾಡಿದೆನೆಂದು ಅತ್ತದ್ದೂ ಉಂಟು. "ಬಿಡು ಮಾರಾಯ್ತಿ, ಯಾರಿಗಾದ್ರೂ ಆಗುದೇ" ಎಂದ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಯಾರಾದರೂ ಸ್ನೇಹದ ಮಾತು ತೆಗೆದರೆ ಉದಾಹರಣೆಗೆ ಅವನನ್ನೇ ಹೇಳುತ್ತಿದ್ದೆ.

ಐಸಮ್ಮನ ಮನೆಗೆ ಹೇಳಲು ನಾನು, ಪ್ರದೀಪ, ಕೇಂದ್ರದ ಮುಖ್ಯಸ್ಥರು ಮೂವರೂ ಹೋದೆವು. ನಬೀಸನೂ ಅಲ್ಲಿದ್ದರು. ಮುಖ್ಯಸ್ಥರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನೇ ಹೇಳಿದೆ. "ನನ್ನಿಂದಲೇ ಆದದ್ದು. ಬಸ್ಸಿನ ಅವಸರಕ್ಕೆ ಸ್ವಿಚ್ಚು ಒತ್ತಿ ಆರಿಸಿದೆ. ಹಾಡು ಹೋಯ್ತು."

ನಬೀಸ ನನ್ನನ್ನೇ ನೋಡಿದರು. "ಹೋಯ್ತು ಅಂದ್ರೆ ಎಲ್ಲಿಗೆ? ನಾವು ಕೇಳಿದ್ದೇವಲ್ಲ. ಪುತ್ತೂರಿಗೆ ಮುಟ್ಟಿದೆ ಅಂತ ನೀನೇ ಕೇಳಿಸಿದ್ದು. ಮುಟ್ಟಿದ್ದು ಎಲ್ಲಿಗೆ ಹೋಗ್ತದೆ?"

ಉತ್ತರ ಗೊತ್ತಿದ್ದವನು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಚಾ ಕುಡಿಯುತ್ತಿದ್ದ. ಹಾಡು ಮುಟ್ಟಲೇ ಇಲ್ಲ, ಆದ್ದರಿಂದ ಯಾರ ಕೈಗೂ ಸಿಕ್ಕಿರಲು ಸಾಧ್ಯವಿಲ್ಲ ಎಂಬ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಸಾಕಿತ್ತು. ಅವನು ಲೋಟವನ್ನು ನೋಡುತ್ತಾ, "ಟೆಕ್ನಿಕಲ್ ವಿಷಯ ಉಮ್ಮ, ಹೇಳಿದ್ರೆ ಅರ್ಥ ಆಗುದು ಕಷ್ಟ" ಎಂದ. ಐಸಮ್ಮ ನನ್ನ ಕಡೆ ತಿರುಗಲಿಲ್ಲ. ಚಾದ ಜೊತೆ ಅವತ್ತು ಬೇರೇನೂ ಇರಲಿಲ್ಲ.

ಮಳೆಗಾಲದ ಜೊತೆ ನನ್ನ ಕೆಲಸವೂ ಮುಗಿಯಿತು, ಮುಂದುವರಿಸಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಮೇಲೆ ಕಿವಿಗೆ ಬಿತ್ತು. ನಬೀಸನ ಮಗಳ ಅತ್ತೆ ಯಾವುದೋ ಮದುವೆಯಲ್ಲಿ, "ನನ್ನ ಅಡುಗೆಯ ಮೇಲೆಯೂ ಹಾಡು ಕಟ್ಟುವವರಿದ್ದಾರೆ" ಎಂದರಂತೆ. ಸುಮ್ಮನೆ ಆಡಿದ ಮಾತೋ, ಬೇರೆ ಯಾರಾದರೂ ಹೇಳಿದ್ದೋ ಗೊತ್ತಿಲ್ಲ. ನಬೀಸ ಮಾತ್ರ ಹಾಡು ಹೊರಗೆ ಹೋಗಿದೆ ಎಂದು ನಿಶ್ಚಯಿಸಿದರು. ನನ್ನನ್ನು ನಂಬಬಹುದು ಎಂದು ಅವರನ್ನು ಕರೆತಂದವರು ಐಸಮ್ಮ. ಹಾಗಾಗಿ ಐಸಮ್ಮನ ಜೊತೆ ಮಾತು ಬಿಟ್ಟರು.

*

ಕಾರ್ಯಾಗಾರ ಮುಗಿದ ಮೇಲೆ ಊಟದ ಸಾಲಿನಲ್ಲಿ ಪ್ರದೀಪನನ್ನು ಹಿಡಿದೆ. ನನ್ನನ್ನು ಕಂಡು ಅವನಿಗೆ ನಿಜವಾಗಿಯೂ ಖುಷಿಯಾಯಿತು. ಅದು ನನ್ನನ್ನು ಹೆಚ್ಚು ಸುಟ್ಟಿತು.

"ಮರುದಿನ ಬೆಳಿಗ್ಗೆಯೇ ನಿನಗೆ ಗೊತ್ತಿತ್ತಾ?"

"ಎಂತದು?"

"ಸ್ವಿಚ್ಚು ಒತ್ತಿದ್ದರಿಂದ ಆದದ್ದಲ್ಲ ಅಂತ."

ಅವನು ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಸ್ಟೇಜಿನ ಮೇಲೆ ಹಾಗೆ ಹೇಳುದು ಮಾರಾಯ್ತಿ, ಕೂಡ್ಲೆ ಗೊತ್ತಾಯ್ತು ಅಂತ. ಮಕ್ಕಳಿಗೆ ರುಚಿಯಾಗ್ಬೇಕಲ್ಲ."

"ಗೊತ್ತಿತ್ತಾ, ಇಲ್ವಾ?"

"ಅಂದಾಜು ಇತ್ತು." ಮತ್ತೆ ನನ್ನ ಮುಖ ನೋಡಿದ. "ಆರಿಸುವ ಸರಿ ಕ್ರಮ ಬರೆದಿಟ್ಟುಕೊಂಡು ಆಮೇಲೆಯೇ ನಿನಗೆ ಫೋನ್ ಮಾಡಿದ್ದು. ನನ್ನ ಕಾಂಟ್ರಾಕ್ಟ್ ಆಗ ಅರ್ಧದಲ್ಲಿತ್ತು. ನಾನು ಕೇಳಿದ್ದು ಮಾತ್ರ ಪೂರ್ಣಿ. ಒತ್ತಿದೆ ಅಂತ ಹೇಳಿದ್ದು ನೀನು. ನೀನೇ ಒಪ್ಪಿಕೊಂಡ ಮೇಲೆ ನಾನೆಂತ ಹೇಳುದು?"

ನಾನು ತಟ್ಟೆಯನ್ನು ವಾಪಸು ಮೇಜಿನ ಮೇಲಿಟ್ಟೆ.

"ಈಗ ಲೆಕ್ಚರರ್ ಆಗಿದ್ದೀಯಲ್ಲ, ಒಳ್ಳೇದೇ ಆಯ್ತಲ್ಲ," ಎಂದ. "ಇವತ್ತು ನಿನ್ನ ಹೆಸರೂ ತೆಗೀಲಿಲ್ಲ ನಾನು. ಸರಿಯಾಗಿಯೇ ಮಾಡಿದ್ರು ಅಂತಲೇ ಹೇಳಿದ್ದು." ಒಂದು ಉಪಕಾರದ ಹಾಗೆ ಹೇಳಿದ. ಹಿಂದಿನವರು ಮುಂದೆ ಹೋಗಿ ಎಂದರು. ಅವನು ಸಾರು ಹಾಕಿಸಿಕೊಂಡ.

ಅವನು ಸುಳ್ಳು ಹೇಳಿದ್ದಾನೆ ಎಂದು ನಾನು ಎಲ್ಲಿಯೂ ಹೇಳುವಂತಿಲ್ಲ. ಎಷ್ಟು ಹುಡುಕಿದರೂ ಅವನ ಬಾಯಿಂದ ಒಂದೂ ಸುಳ್ಳು ಸಿಗುವುದಿಲ್ಲ. ಅವನು ಪ್ರಶ್ನೆ ಕೇಳಿದ, ಅಷ್ಟೇ. ಸುಳ್ಳನ್ನು ನನ್ನ ಒಳಗೇ ಬೆಳೆಯಲು ಬಿಟ್ಟು, ನನ್ನ ಬಾಯಿಂದಲೇ ಆಡಿಸಿದ.

ಮುಂದಿನ ಭಾನುವಾರ ಆಲಂಕಾರಿಗೆ ಹೋದೆ. ಐಸಮ್ಮ ದಪ್ಪ ಕನ್ನಡಕ ಹಾಕಿದ್ದರು. ಬಾಗಿಲಲ್ಲಿ ನಿಂತು ಗುರುತು ಹಿಡಿದು, "ಬಾ, ಒದ್ದೆ ಆಗ್ಬೇಡ" ಎಂದರು. ಕುಳಿತು ಎಲ್ಲವನ್ನೂ ಹೇಳಿದೆ. ಉಗ್ರಾಣದವನ ಹೋಲಿಕೆಯನ್ನೂ ಹೇಳಿದೆ, ಪ್ರದೀಪನದೇ ಆದರೂ. ಅದಕ್ಕಿಂತ ಒಳ್ಳೆಯದು ನನಗೆ ಹೊಳೆಯಲಿಲ್ಲ. ಹಾಡು ಪುತ್ತೂರಿಗೆ ತಲುಪಲೇ ಇಲ್ಲ, ಆ ಸಂಜೆ ಆ ಕೋಣೆಯಲ್ಲೇ ಇಲ್ಲವಾಯಿತು, ಯಾರ ಮೊಬೈಲಿಗೂ ಹೋಗಿಲ್ಲ, ಹೋಗಲು ಸಾಧ್ಯವೇ ಇರಲಿಲ್ಲ ಎಂದೆ.

ಐಸಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡರು. ಆಮೇಲೆ, "ಬಸ್ಸಿನಲ್ಲಿ ಯಾರ ಮೊಬೈಲಲ್ಲಿ ಹೆಂಗಸರ ಹಾಡು ಕೇಳಿದ್ರೂ ನಾನು ಕಿವಿ ಕೊಡ್ತಿದ್ದೆ ಮಗಳೇ. ನಮ್ಮದಾ ಅಂತ," ಎಂದರು. "ಇಷ್ಟು ವರ್ಷ."

ಫೋನು ತೆಗೆದು ನಬೀಸನ ನಂಬರು ಒತ್ತಿದರು. ಎಷ್ಟೋ ಸಮಯದಿಂದ ಒತ್ತದ ನಂಬರು, ಎತ್ತುವುದಿಲ್ಲ ಎಂದುಕೊಂಡೆ. ಎತ್ತಿದರು. ಐಸಮ್ಮ ಬ್ಯಾರಿಯಲ್ಲಿ ಎರಡು ಮಾತು ಆಡಿ, ಫೋನನ್ನು ನನ್ನ ಕೈಗೆ ಕೊಟ್ಟರು. "ನೀನೇ ಹೇಳು. ನಾನು ಹೇಳಿದ್ರೆ ಅವಳು ನಂಬುದಿಲ್ಲ."

ಹೇಳಿದೆ. ನಾನು ಸ್ವಿಚ್ಚು ಒತ್ತಲಿಲ್ಲ, ಹಾಡು ಎಲ್ಲಿಗೂ ಹೋಗಲಿಲ್ಲ, ಐಸಮ್ಮನದು ಏನೂ ತಪ್ಪಿಲ್ಲ.

"ಆಗ ಒತ್ತಿದೆ ಅಂದೆ," ಎಂದರು ನಬೀಸ. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಒತ್ತಲಿಲ್ಲ ಅಂತಿ. ಎರಡೂ ನಿನ್ನದೇ ಬಾಯಿ. ನನ್ನ ಮುಖ ನೋಡಿಯೇ ಹೇಳಿದ್ದು ಆಗ. ಆಣೆ ಹಾಕ್ತೀಯಾ, ನಿನಗೆ ಸರಿ ನೆನಪುಂಟು ಅಂತ?"

ಐಸಮ್ಮ ನನ್ನ ಎದುರು ಕುಳಿತು, ಕನ್ನಡಕದ ಹಿಂದಿನಿಂದ ನೋಡುತ್ತಿದ್ದರು. ಹೌದು ಎಂದರೆ ಸಾಕಿತ್ತು. ನಾನು ಒತ್ತಲಿಲ್ಲ, ಪ್ರದೀಪನೇ ಒಪ್ಪಿದ್ದಾನೆ, ಈಗ ಅದು ನನಗೆ ಗೊತ್ತು. ಆದರೆ ಅವರು ಕೇಳಿದ್ದು ಗೊತ್ತಿರುವುದನ್ನಲ್ಲ, ನೆನಪನ್ನು. ಫೋನು ಹಿಡಿದಿದ್ದ ಕೈಯ ಹೆಬ್ಬೆರಳಿನಲ್ಲಿ, ನಾನು ಎಂದೂ ಮುಟ್ಟದ ಆ ಸ್ವಿಚ್ಚು ಆಗಲೂ ತಣ್ಣಗೆ ತಾಗುತ್ತಿತ್ತು.